‘ಯುದ್ಧ ಮತ್ತು ಶಾಂತಿ’ಯ ಸಾಮೂಹಿಕ ವಾಚನ: ಒಂದು ವಿಮರ್ಶೆ

ದೀರ್ಘವಾದ ಕೃತಿಯೊಂದನ್ನು ಹಲವರು ಕೂಡಿ ಆಸ್ವಾದಿಸುವುದು ಕನ್ನಡಿಗರಿಗೆ ಹೊಸತಲ್ಲ. ಕುಮಾರವ್ಯಾಸನ ಭಾರತವನ್ನು ಗಮಕಿಗಳು ವಾಚಿಸಿ, ಬಲ್ಲವರು ಅರ್ಥ ವಿವರಿಸಿ, ಜನರು ಬಹುದಿನಗಳ ಕಾಲ ಕೇಳುವ ಸಂಪ್ರದಾಯ ನಮ್ಮಲ್ಲಿ ಬೆಳೆದು ಬಂದಿದೆ. ಆದರೆ ಅಲ್ಲಿ ಕೇಳುಗರಿಗೆ ಕಥೆ ಮೊದಲೇ ತಿಳಿದಿರುತ್ತದೆ. ಕಥೆಯನ್ನರಿಯದ ಹಲವರು ಐನೂರಕ್ಕೂ ಮಿಕ್ಕ ಪಾತ್ರಗಳುಳ್ಳ ಕಾದಂಬರಿಯೊಂದನ್ನು ಕೂಡಿ ಓದಿದರೆ ಆಗುವ ಪ್ರಯೋಜನವೇನು? ಟಾಲ್‌ಸ್ಟಾಯ್‌ನ ‘ಯುದ್ಧ ಮತ್ತು ಶಾಂತಿ’ಯನ್ನು ಅಧ್ಯಾಪಕರೂ ವಿದ್ಯಾರ್ಥಿಗಳೂ ಸೇರಿ ಓದಿದ ಅನುಭವದ ಆಧಾರದ ಮೇಲೆ ಈ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸಿದ್ದೇವೆ.

ಈ ಕೃತಿ ನಾಲ್ಕು ಸಂಪುಟಗಳಲ್ಲಿ 15 ಭಾಗಗಳಾಗಿಯೂ, ಉಪಸಂಹಾರ ಎರಡು ಭಾಗಗಳಾಗಿಯೂ ವಿಂಗಡವಾಗಿದೆ. ವಾರಕ್ಕೊಂದು ಭಾಗದಂತೆ 17 ವಾರಗಳಲ್ಲಿ ವಾಚನ ಮುಗಿಯಿತು. ಕಾದಂಬರಿಯ ಆರಂಭದ ಭಾಗಗಳು 1865ರಿಂದ ರಷ್ಯದ ಮಾಸಪತ್ರಿಕೆಯೊಂದರಲ್ಲಿ ಬಿಡಿಬಿಡಿಯಾಗಿ ಪ್ರಕಟವಾಗಿ, 1869ರಲ್ಲಿ ಪೂರ್ಣ ಕೃತಿ ಹೊರಬಂದುದರಿಂದ, ಮೊದಲ ಓದುಗರೂ ಅದನ್ನು ಬಿಟ್ಟು ಬಿಟ್ಟು ಓದಿದವರೇ. ನಮ್ಮಲ್ಲಿ ಒಬ್ಬರು ಮನೆತನಗಳ ವಂಶಾವಳಿಯನ್ನೂ, ಒಬ್ಬರು ಭೂಪಟವನ್ನೂ, ಮತ್ತೊಬ್ಬರು ತೇದಿಗಳನ್ನೂ ನೋಡಿಕೊಂಡರು. ಬೊರೊಡಿನೊ ಕದನ ಅಂದಿನ ರಷ್ಯನ್ ಪಂಚಾಂಗದಂತೆ 1812ರ ಆಗಸ್ಟ್ 26ರಂದು, ಪಶ್ಚಿಮ ಯೂರೋಪಿನ ಎಣಿಕೆಯಂತೆ ಸೆಪ್ಟೆಂಬರ್ 7ರಂದು ನಡೆಯಿತೆಂಬಂಥ ವಿವರಗಳು ಹೀಗೆ ಎಲ್ಲರ ಸೊತ್ತಾದವು.

ಸಾಮೂಹಿಕ ವಾಚನದ ನಿಜವಾದ ಲಾಭ ಗೋಚರಿಸಿದ್ದು ಬೇರೊಂದೆಡೆ. ಮೊದಲ ಸಂಪುಟದ ಎರಡನೆಯ ಭಾಗದಲ್ಲಿ, 1805ರ ಷೋನ್‌ಗ್ರಾಬೆನ್ ಕಾಳಗದಲ್ಲಿ, ತರುಣ ನಿಕೊಲಾಯ್ ರೊಸ್ತೊವ್ ಕುದುರೆಯನ್ನು ಕಳೆದುಕೊಂಡು, ಎದುರು ಬಂದ ಫ್ರೆಂಚ್ ಸೈನಿಕನತ್ತ ಪಿಸ್ತೂಲನ್ನೆಸೆದು ಪೊದೆಗಳತ್ತ ಓಡುತ್ತಾನೆ. ಮೂರನೆಯ ಭಾಗದಲ್ಲಿ ಅದೇ ಘಟನೆಯನ್ನು ಮಿತ್ರರಿಗೆ ಹೇಳುವಾಗ ಅದೊಂದು ವೀರಗಾಥೆಯಾಗಿಬಿಡುತ್ತದೆ. ಅವನಿಗೆ ಸುಳ್ಳಾಡುವ ಉದ್ದೇಶವಿಲ್ಲ. ಕೇಳುವವರು ನಿರೀಕ್ಷಿಸಿದ್ದು ಅಂಥ ಕಥೆಯನ್ನು. ಈ ವ್ಯತ್ಯಾಸವನ್ನು ಹಿಂದಿನ ವಾರದ ಪುಟಗಳನ್ನು ತೆರೆದು ತೋರಿಸಿದವರು ವಿದ್ಯಾರ್ಥಿಗಳು. ಆಕರಗಳ ಪರೀಕ್ಷೆಯೆಂದು ನಾವು ತರಗತಿಯಲ್ಲಿ ಬೋಧಿಸುವುದು ಇದನ್ನೇ ಅಲ್ಲವೆ?

ಈ ಸನ್ನಿವೇಶ ಆಕಸ್ಮಿಕವಲ್ಲ. ಕ್ರಿಮಿಯನ್ ಯುದ್ಧದಲ್ಲಿ ಸೆವಾಸ್ತೊಪೋಲಿನಲ್ಲಿ ಸೇವೆ ಸಲ್ಲಿಸಿದ ಟಾಲ್‌ಸ್ಟಾಯ್, ಫಿರಂಗಿದಳದ ಅಧಿಕಾರಿಗಳ ಇಪ್ಪತ್ತಕ್ಕೂ ಹೆಚ್ಚಿನ ವರದಿಗಳನ್ನು ಒಂದಾಗಿ ಸಂಕಲಿಸುವ ಕಾರ್ಯಕ್ಕೆ ನಿಯೋಜಿತನಾಗಿದ್ದನು. ಕದನದ ವರದಿ ಹೇಗೆ ಹುಟ್ಟುವುದೆಂಬುದನ್ನು ಅವನು ಕಣ್ಣಾರೆ ಕಂಡಿದ್ದನು.

ಉಪಸಂಹಾರದ ಎರಡನೆಯ ಭಾಗ ಶುದ್ಧ ಇತಿಹಾಸಮೀಮಾಂಸೆ. ಒಂಟಿಯಾಗಿ ಓದುವವರು ಸಾಮಾನ್ಯವಾಗಿ ಇದನ್ನು ಬಿಟ್ಟುಬಿಡುತ್ತಾರೆ. 1873ರ ಆವೃತ್ತಿಯಲ್ಲಿ ಟಾಲ್‌ಸ್ಟಾಯ್ ತಾನೇ ಇಂಥ ಅಧ್ಯಾಯಗಳನ್ನು ಕಥೆಯಿಂದ ಬೇರ್ಪಡಿಸಿದ್ದುಂಟು. ಆದರೆ ಕೂಡಿ ಓದಿದವರಿಗೆ ಇದನ್ನು ಬಿಡಲು ಮನಸ್ಸಾಗಲಿಲ್ಲ. ಏಕೆಂದರೆ ಹದಿನಾರು ವಾರಗಳ ಚರ್ಚೆಯ ತೀರ್ಮಾನ ಇಲ್ಲಿಯೇ ಆಗಬೇಕಾಗಿತ್ತು. ಚರಿತ್ರೆಯೆಂಬುದು ಅಸಂಖ್ಯ ಜನರ ಇಚ್ಛೆಗಳ ಒಟ್ಟು ಫಲ, ಮಹಾಪುರುಷರೆನಿಸಿಕೊಂಡವರು ಘಟನೆಗಳಿಗೆ ಅಂಟಿಸಿದ ಹೆಸರಿನ ಚೀಟಿಗಳು ಎಂಬುದು ಅವನ ವಾದ. ನೆಪೋಲಿಯನ್ನನ ಗರ್ವಭಂಗಕ್ಕೆ ಈ ವಾದ ಚೆನ್ನಾಗಿ ಒದಗುತ್ತದೆ.

ಆದರೆ ಕುಟುಜೋವನ ವಿಷಯದಲ್ಲಿ ಅದು ನಿಲ್ಲುವುದಿಲ್ಲವೆಂದು ನಮ್ಮ ಅಭಿಪ್ರಾಯ. ಘಟನೆಗಳ ಗತಿಯನ್ನರಿತು ಸುಮ್ಮನಿದ್ದ ಜ್ಞಾನಿಯೆಂದು ಅವನನ್ನು ಚಿತ್ರಿಸುವಾಗ, ಟಾಲ್‌ಸ್ಟಾಯ್ ತಾನು ಕೆಡವಿದ ಪೀಠದ ಮೇಲೆಯೇ ಮತ್ತೊಬ್ಬ ಮಹಾಪುರುಷನನ್ನು ಕೂರಿಸುತ್ತಾನೆ. ಫಿಲಿ ಗ್ರಾಮದ ಸಭೆಯಲ್ಲಿ ಮಾಸ್ಕೋವನ್ನು ಬಿಟ್ಟು ಹಿಂದೆ ಸರಿಯಲು ಕುಟುಜೋವ್ ಆಜ್ಞಾಪಿಸಿದನು. ಸೈನ್ಯ ಹಿಂದೆ ಸರಿಯಿತು. ಪರಿಸ್ಥಿತಿ ಆ ಆಜ್ಞೆಯನ್ನು ಅನಿವಾರ್ಯವಾಗಿಸಿತೆಂದು ಹೇಳಬಹುದು. ಆದರೆ ಹಲವು ಸೇನಾನಿಗಳ ವಿರೋಧವನ್ನು ಮೀರಿ ಅದರ ಹೊಣೆಯನ್ನು ಹೊತ್ತವನು ಒಬ್ಬನೇ. ಈ ಹೊಣೆಯನ್ನು ಅಳಿಸಿದರೆ ಚರಿತ್ರೆಯಲ್ಲಿ ಪ್ರಶಂಸೆಗೂ ಎಡೆಯಿಲ್ಲ, ಅಪರಾಧಕ್ಕೂ ಎಡೆಯಿಲ್ಲ. ರೊಸ್ತೊವನ ಮಾತನ್ನು ಹಿಂದಿನ ಪುಟಗಳೊಡನೆ ಹೋಲಿಸಿ ನೋಡಲು ಕಲಿತ ವಿದ್ಯಾರ್ಥಿ, ಕರ್ತೃವಿನ ಸಿದ್ಧಾಂತವನ್ನೂ ಅವನ ಕಥೆಯೊಡನೆ ಹೋಲಿಸಿ ನೋಡದೆ ಬಿಡಲಾರನು.

ಈ ದೋಷದಿಂದ ಕೃತಿಯ ಹಿರಿಮೆಗೆ ಕುಂದಿಲ್ಲ. ತನ್ನನ್ನೇ ಅಳೆಯಬಲ್ಲ ಅಳತೆಗೋಲನ್ನು ಓದುಗರ ಕೈಗೆ ಕೊಡುವ ಕೃತಿಗಳು ವಿರಳ. ಇತಿಹಾಸದ ವಿದ್ಯಾರ್ಥಿಗಳು ಈ ಕಾದಂಬರಿಯನ್ನು ಪೂರ್ಣವಾಗಿ, ಉಪಸಂಹಾರವನ್ನು ಬಿಡದೆ, ನಾಲ್ವರೊಡನೆ ಕುಳಿತು ಓದಬೇಕೆಂಬುದು ನಮ್ಮ ಸೂಚನೆ.