ಹಳೇ ಆಯಿಲ್‌ನ ಜಾತಕ

ಮೂರೇ ಸಿಲಿಂಡರ್, 1.6 ಲೀಟರ್, ಟರ್ಬೊ, 300 ಅಶ್ವಶಕ್ತಿ. ಅಮೆರಿಕದಲ್ಲಿ ಟೊಯೊಟಾ ಜಿಆರ್ ಕೊರೊಲಾದಂಥ ಕಾರು ಕೊಂಡ ಆಸಕ್ತರು ಆಯಿಲ್ ಬದಲಿಸುವಾಗ ಹಳೇ ಆಯಿಲನ್ನು ಒಂದು ಪುಟ್ಟ ಬಾಟಲಿಗೆ ಹಿಡಿದು, ಎಂಜಿನ್ ಸವೆತ ತಿಳಿಯಲು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಹಿಡಿಯುವುದರಲ್ಲೂ ಹದವಿದೆ: ಎಂಜಿನ್ ಬಿಸಿಯಿರಬೇಕು, ತಳದ ಕೊಳೆ ಮೊದಲು ಹರಿದುಹೋಗಬೇಕು, ನಡುಧಾರೆ ಬಾಟಲಿಗೆ ಬೀಳಬೇಕು.

ಅಲ್ಲಿ ಆ ಕಪ್ಪು ಆಯಿಲನ್ನು ಸಾವಿರಾರು ಡಿಗ್ರಿ ಕಾವಿನ ಪ್ಲಾಸ್ಮಾಕ್ಕೆ ಸಿಂಪಡಿಸುತ್ತಾರೆ. ಒಂದೊಂದು ಧಾತುವೂ ತನ್ನದೇ ಬೆಳಕು ಚೆಲ್ಲುತ್ತದೆ. ಹತ್ತು ಲಕ್ಷದಲ್ಲಿ ಒಂದು ಪಾಲಿದ್ದರೂ ಸಿಕ್ಕಿಬೀಳುತ್ತದೆ.

ನನಗೆ ಬೆರಗು ಯಂತ್ರದ್ದಲ್ಲ, ವರದಿ ಓದುವವರದು. ಹೊಸ ಎಂಜಿನ್‌ನಲ್ಲಿ ಸಿಲಿಕಾನ್ ಹೆಚ್ಚಿದ್ದರೆ ಮಾಲೀಕನ ಎದೆ ಧಸಕ್ಕೆನ್ನುತ್ತದೆ. ನುರಿತವರು ಮುಂದಿನ ವರದಿಗೆ ಕಾಯುತ್ತಾರೆ. ಸಲದಿಂದ ಸಲಕ್ಕೆ ಇಳಿಯುತ್ತಿದ್ದರೆ, ಬಹುಪಾಲು ಅದು ಜೋಡಿಸುವಾಗ ಬಳಿದ ಸೀಲಂಟ್‌ನದು. ಏರ್ ಫಿಲ್ಟರ್ ದಾಟಿ ಬಂದ ಧೂಳಾದರೆ ಸುಮ್ಮನಿರದು, ಕಬ್ಬಿಣ, ಅಲ್ಯೂಮಿನಿಯಂ ಅಂಕಿಗಳನ್ನೂ ಮೇಲೆಳೆಯುತ್ತದೆ. ಸ್ನಿಗ್ಧತೆ ಕುಸಿದು, ಆಯಿಲ್ ಆವಿ ಹೊತ್ತಿಕೊಳ್ಳುವ ಕಾವು, ಅಂದರೆ ಫ್ಲ್ಯಾಶ್ ಪಾಯಿಂಟೂ ಇಳಿದಿದೆಯೇ? ಪೆಟ್ರೋಲ್ ಬೆರೆತಿದೆ, ನೇರ ಇಂಜೆಕ್ಷನ್ ಎಂಜಿನ್ನುಗಳ, ಅದರಲ್ಲೂ ಸಣ್ಣ ಓಡಾಟದವರ, ಹಳೇ ಚಾಳಿ. ಕಬ್ಬಿಣದ ಅಂಕಿಯನ್ನು ಓಡಿದ ಮೈಲಿಯ ಪಕ್ಕದಲ್ಲಿಟ್ಟೇ ತೂಗುತ್ತಾರೆ. ಎಂಥ ತಾಳ್ಮೆ!

ತಮಾಷೆಯೆಂದರೆ, ಈ ಸೂಕ್ಷ್ಮ ಪ್ಲಾಸ್ಮಾ ಯಂತ್ರಕ್ಕೆ ಕೆಲವೇ ಮೈಕ್ರಾನ್‌ಗಿಂತ ದೊಡ್ಡ ಚೂರು ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಬಲ್ಲವರು ಆಯಿಲ್ ಫಿಲ್ಟರನ್ನೂ ಕೊಯ್ದು, ಮಡಿಕೆ ಬಿಡಿಸಿ, ಬಿಸಿಲಿಗೆ ಹಿಡಿದು ನೋಡುತ್ತಾರೆ.