ಎರಡು ಗೆರೆಗಳ ಪಟ್ಟಿ

ಬೈಲಹೊಂಗಲ, ಸವದತ್ತಿ ಕಡೆಯ ಹಳ್ಳಿಗಳಲ್ಲಿ ಕೂಸಿಗೆ ವಾಂತಿ-ಭೇದಿ ಹತ್ತಿದರೆ ಮನೆಯವರು ಮೊದಲು ಬಯ್ಯುವುದು ಹಲ್ಲು ಬರುವುದನ್ನು, ಇಲ್ಲವೇ ದೃಷ್ಟಿಯನ್ನು. ನಿಜವಾದ ಅಪರಾಧಿ ಬಹಳ ಸಲ ರೋಟಾವೈರಸ್. 1973ರಲ್ಲಿ ಮೆಲ್ಬರ್ನ್‌ನಲ್ಲಿ ರೂತ್ ಬಿಷಪ್ ಮತ್ತು ಸಂಗಡಿಗರು ಭೇದಿಯಾಗಿದ್ದ ಮಕ್ಕಳ ಕರುಳಿನ ತುಣುಕಿನಲ್ಲಿ ಅದನ್ನು ಕಾಣಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕಾಯಿತು.

ಇಂದು ಅದನ್ನು ಪತ್ತೆಹಚ್ಚಲು ಬೆರಳಗಲದ ಪರೀಕ್ಷಾ ಪಟ್ಟಿ ಸಾಕು.

ಚೂರು ಮಲವನ್ನು ದ್ರಾವಣದಲ್ಲಿ ಕದಡಿ ಕೆಲವು ಹನಿ ಬಿಟ್ಟರೆ, ವೈರಸ್ಸಿನ ನಡುಪದರದ ವಿಪಿ6 ಪ್ರೋಟೀನನ್ನು ಬಣ್ಣದ ಕಣ ಹೊತ್ತ ಪ್ರತಿಕಾಯಗಳು ಹಿಡಿದುಕೊಳ್ಳುತ್ತವೆ. ದ್ರವ ಪಟ್ಟಿಯುದ್ದಕ್ಕೂ ಹರಿಯುವಾಗ, ಅಲ್ಲಿ ಕಾದು ಕೂತ ಇನ್ನೊಂದು ಸಾಲು ಪ್ರತಿಕಾಯ ಆ ಜೋಡಿಯನ್ನು ತಡೆದು ನಿಲ್ಲಿಸುತ್ತದೆ, ಗೆರೆ ಮೂಡುತ್ತದೆ. ಪರೀಕ್ಷೆ ಸರಿಯಾಗಿ ನಡೆಯಿತೆಂದು ಹೇಳಲೂ ಬೇರೊಂದು ಗೆರೆ! ಯಂತ್ರ ಬೇಡ, ಕರೆಂಟ್ ಬೇಡ, ಕಾಲು ಗಂಟೆಯೊಳಗೆ ಉತ್ತರ. ಕೆಲವು ಪಟ್ಟಿಗಳು ಅಡಿನೋವೈರಸ್ಸನ್ನೂ ಒಟ್ಟಿಗೇ ಗುರುತಿಸುತ್ತವೆ.

ಗೆರೆ ಮೂಡಲಿ ಬಿಡಲಿ, ಓಆರ್‌ಎಸ್ ಮತ್ತು ಸತುವು ಮೊದಲು. ಫಲಿತಾಂಶಕ್ಕೆಂದು ನೀರುಣಿಸುವುದನ್ನು ತಡಮಾಡಬಾರದು. ಪಟ್ಟಿಯ ದೊಡ್ಡ ಉಪಕಾರ ಬೇರೆ: ವೈರಸ್ಸಿಗೆ ತಾಗದ ಆ್ಯಂಟಿಬಯೋಟಿಕ್ ಬರೆಯುವ ಕೈಯನ್ನು ಅದು ತಡೆಯಬಲ್ಲದು, ಸೋಂಕಿತ ಕೂಸನ್ನು ಬೇರೆಯಾಗಿ ಇರಿಸಲು ನೆರವಾಗಿ ವಾರ್ಡಿನಲ್ಲಿ ಪಕ್ಕದ ಹಾಸಿಗೆಯ ಕೂಸನ್ನೂ ಕಾಯಬಲ್ಲದು.

ಈ ವೈರಸ್ಸಿನ ಕಥೆಯಲ್ಲಿ ಕರ್ನಾಟಕಕ್ಕೂ ಪಾಲಿದೆ. ಬೆಂಗಳೂರಿನ ನವಜಾತ ಶಿಶುಗಳಲ್ಲಿ, ರೋಗಲಕ್ಷಣವೇ ತೋರದ ಐ321 ತಳಿ ಸಿಕ್ಕಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ತಂಡ ಅದರ ಬಹುಪಾಲು ಜೀನುಗಳು ದನಗಳ ವೈರಸ್ಸಿನವೆಂದು ತೋರಿಸಿತು. ಇನ್ನು ರೋಗ ಬಾರದಂತೆ ತಡೆಯಲು, 2016ರಿಂದ ದೇಶದ ಲಸಿಕಾ ಕಾರ್ಯಕ್ರಮಕ್ಕೆ ಹಂತಹಂತವಾಗಿ ಸೇರಿದ ರೋಟಾವೈರಸ್ ಹನಿಗಳು ಈಗ ಕೂಸುಗಳಿಗೆ ಆರನೆಯ ವಾರದಿಂದಲೇ ಸಿಗುತ್ತಿವೆ.