ನೀರು ಹೊತ್ತವನೂ ಹಸಿದು ಓಡಿದವನೂ

ಬೀದಿಯಲ್ಲಿ ನಿಲ್ಲಿಸುವ ಪ್ರತಿಮೆಗಳು ಬಹುಪಾಲು ಆಳಿದವರವು, ಇಲ್ಲವೇ ಕೊಂದು ಗೆದ್ದವರವು. ಅಮೆರಿಕದ ಹಾಪ್ಕಿಂಟನ್ನಿನಲ್ಲಿ, ಬಾಸ್ಟನ್ ಮ್ಯಾರಥಾನ್ ಹಾದುಹೋಗುವ ರಸ್ತೆಯ ಮಗ್ಗುಲಲ್ಲಿ 2006ರಲ್ಲಿ ನಿಂತ ಕಂಚಿನ ಪ್ರತಿಮೆ ಹಾಗಲ್ಲ. ಅಲ್ಲಿರುವ ಇಬ್ಬರೂ ದುಡಿದು ಉಂಡವರು. ಒಬ್ಬ ಸ್ಟೈಲಿಯಾನೊಸ್ ಕಿರಿಯಾಕಿಡಿಸ್, 1946ರಲ್ಲಿ ಬಾಸ್ಟನ್ ಗೆದ್ದ ಗ್ರೀಕ್ ಓಟಗಾರ. ಇನ್ನೊಬ್ಬ ಅವನಿಗೆ ದಾರಿ ತೋರುವ ಸ್ಪಿರಿಡಾನ್ ಲೂಯಿಸ್, 1896ರ ಮೊದಲ ಒಲಿಂಪಿಕ್ ಮ್ಯಾರಥಾನ್ ಗೆದ್ದವನು. ನಡುವೆ ರಾಜನಿಲ್ಲ, ದೇವರಿಲ್ಲ. ದುಡಿಯುವವನೊಬ್ಬನ ಓಟ ಇನ್ನೊಬ್ಬನಿಗೆ ದಾಟುತ್ತದೆ. ಶಿಲ್ಪಿ ಮೈಕೊ ಕೌಫ್ಮನ್ ಗೆದ್ದಿರುವುದು ಇಲ್ಲಿ.

ನನ್ನ ತಕರಾರು ಪ್ರತಿಮೆಯ ಹೆಸರಿನದು: 'ಮ್ಯಾರಥಾನಿನ ಚೈತನ್ಯ'. ಯಾವ ಚೈತನ್ಯ?

ಲೂಯಿಸ್ ಮರೂಸಿಯಿಂದ ಅಥೆನ್ಸಿಗೆ ನೀರು ಸಾಗಿಸಿ ಮಾರುತ್ತಿದ್ದವನು. ಗೆದ್ದಾಗ ರಾಜ, ಏನು ಬೇಕು ಕೇಳು ಅಂದನಂತೆ. ನೀರು ಸಾಗಿಸೋಕೆ ಒಂದು ಕತ್ತೆ, ಒಂದು ಗಾಡಿ ಸಾಕು ಅಂದನಂತೆ ಇವನು. ಬಡವನ ವಿನಯ ನೋಡಿ ಅಂತ ಉಳ್ಳವರು ಈ ಕತೆ ಹೇಳುತ್ತಾ ಬಂದಿದ್ದಾರೆ. ವಿನಯ ಅಲ್ಲ ಸ್ವಾಮಿ, ಅದು ಹೆಗಲ ನೋವು! ದೇಶದ ವೀರನಾದ ಮೇಲೂ ಅವನು ನೀರೇ ಮಾರಬೇಕಿತ್ತು.

ಕಿರಿಯಾಕಿಡಿಸ್ ಅಥೆನ್ಸಿನಲ್ಲಿ ಕರೆಂಟ್ ಬಿಲ್ ವಸೂಲಿ ಮಾಡುತ್ತಿದ್ದವನು. 1941ರಲ್ಲಿ ನಾಜಿ ಸೈನ್ಯ ಗ್ರೀಸಿಗೆ ನುಗ್ಗಿತು. ಆ ಚಳಿಗಾಲ ಅಥೆನ್ಸಿನ ಬೀದಿಗಳಲ್ಲಿ ಜನ ಹಸಿದು ಬಿದ್ದು ಸತ್ತರು. ಅದನ್ನು ದಾಟಿ ಉಳಿದ ಸವೆದ ಮೈಯಲ್ಲೇ ಅವನು ಬಾಸ್ಟನ್ನಿಗೆ ಬಂದ. ಓಡಿದರೆ ಸಾಯ್ತೀಯ ಅಂದರು ಡಾಕ್ಟರು. 2 ಗಂಟೆ 29 ನಿಮಿಷ 27 ಸೆಕೆಂಡಿನಲ್ಲಿ ಗೆದ್ದ. ಆಮೇಲೆ ಅಲ್ಲೇ ಉಳಿದು ತನ್ನ ಜನಕ್ಕಾಗಿ ಅನ್ನ, ಬಟ್ಟೆ, ಔಷಧಿ ಕೇಳಿದ.

ಇಬ್ಬರನ್ನೂ ಕಟ್ಟುವ ಇನ್ನೊಂದು ಎಳೆಯಿದೆ. 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ಮುದಿ ಲೂಯಿಸನ ಕೈಯಿಂದ ಹಿಟ್ಲರನಿಗೆ ಆಲಿವ್ ಕೊಂಬೆ ಕೊಡಿಸಿದರು. ಅದೇ ಕೂಟದ ಮ್ಯಾರಥಾನಿನಲ್ಲಿ ಕಿರಿಯಾಕಿಡಿಸ್ 11ನೆಯವನಾಗಿ ಬಂದ. ಐದೇ ವರ್ಷ, ಆ ಕೊಂಬೆ ಹಿಡಿದ ಕೈ ಗ್ರೀಸಿನ ಜನರ ಅನ್ನಕ್ಕೇ ಬಂತು. 'ಚೈತನ್ಯ' ಎಂಬ ನುಣುಪು ಮಾತು ಇದನ್ನೆಲ್ಲ ಒರೆಸಿಹಾಕುತ್ತದೆ. ಕೌಫ್ಮನ್ ರುಮೇನಿಯಾದಲ್ಲಿ ಹುಟ್ಟಿದ ಯಹೂದಿ, ಯುದ್ಧಕಾಲದ ಬಲವಂತದ ದುಡಿಮೆಯ ಶಿಬಿರಗಳನ್ನು ಕಂಡು ಬಂದವರು. ಆದ್ದರಿಂದಲೇ ಅವರಿಂದ ಇನ್ನೂ ಖಾರವಾದ ಹೆಸರನ್ನು ಬಯಸುತ್ತೇನೆ.

ಮೂರನೆಯವಳೊಬ್ಬಳು ಈ ಕಂಚಿನ ಆಚೆ ಉಳಿದಿದ್ದಾಳೆ. ಸ್ಟಮಾಟಾ ರೆವಿಥಿ. ಕೆಲಸ ಹುಡುಕಿ ಹೊರಟ ಬಡ ತಾಯಿ. ಹೆಂಗಸೆಂದು 1896ರ ಓಟಕ್ಕೆ ಸೇರಿಸಿಕೊಳ್ಳಲಿಲ್ಲ. ಮಾರನೆ ದಿನ ಅದೇ ದಾರಿಯನ್ನು ಒಬ್ಬಳೇ ಓಡಿದಳು. ಕ್ರೀಡಾಂಗಣದ ಒಳಗೆ ಬಿಡಲಿಲ್ಲ. ದುಡಿಯುವವರ ಓಟ ಕೈಯಿಂದ ಕೈಗೆ ದಾಟುವುದೇ ನಿಜವಾದರೆ ಅವಳ ಕೈ ಎಲ್ಲಿ?

ಈ ಪ್ರತಿಮೆ ಬೇಡ ಅನ್ನುತ್ತಿಲ್ಲ. ಕುದುರೆ ಏರಿದವರ ನಡುವೆ ಕಾಲ್ನಡೆಯವರು ನಿಂತದ್ದು ದೊಡ್ಡದೇ. ಆದರೆ ಗೆಳೆಯರೇ, ಇದನ್ನು ನೋಡುವಾಗ ಪದಕವನ್ನು ಆಮೇಲೆ ನೆನೆಯೋಣ. ಮೊದಲು ನೀರಿನ ಭಾರ, ಹೊಟ್ಟೆಯ ಉರಿ, ಮುಚ್ಚಿದ ಆ ಬಾಗಿಲು ನೆನಪಾಗಲಿ.